ಹುಲಿ ಫೋಟೋದ ಕೆಳಗೆ ಕೆ.ಜಿ. ಬರೆಯಬೇಡಿ

ದಾವಣಗೆರೆಯ ಎಸ್.ಎಸ್. ಬಡಾವಣೆಯಿಂದ ಕ್ಯಾಮೆರಾ ಹೆಗಲಿಗೇರಿಸಿ ಕಾಡಿಗೆ ಹೋಗುವ ಗೆಳೆಯ ಗೆಳತಿಯರಿಗೆ ಒಂದು ಬಹಿರಂಗ ಪತ್ರ



ನಮ್ಮ ಬಡಾವಣೆಯ 'ಎ' ಬ್ಲಾಕಿನಿಂದ 'ಬಿ' ಬ್ಲಾಕಿನವರೆಗೆ ಈಗ ಮನೆಗೊಂದು ಅಲ್ಲದಿದ್ದರೂ ಬೀದಿಗೊಂದು ಉದ್ದನೆಯ ಲೆನ್ಸು ಬಂದಿದೆ. ಶನಿವಾರ ಬಂತೆಂದರೆ ಭದ್ರಾ ಕಾಡು, ನಾಲ್ಕು ದಿನ ರಜೆ ಸಿಕ್ಕರೆ ಕಬಿನಿ, ಬಂಡೀಪುರ. ಎಲ್ಲೂ ಹೋಗಲಾಗದಿದ್ದರೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ, ಅದೂ ಆಗದಿದ್ದರೆ ಕುಂದುವಾಡ ಕೆರೆಯ ಹಕ್ಕಿ. ಬೆಣ್ಣೆದೋಸೆ, ಮಂಡಕ್ಕಿ ಮಿರ್ಚಿಯ ಆಚೆಗೂ ನಮ್ಮೂರ ಹುಡುಗರಿಗೆ ಒಂದು ಚಟ ಹತ್ತಿತಲ್ಲ ಎಂದು ಖುಷಿಪಡುವವರಲ್ಲಿ ನಾನೂ ಒಬ್ಬ. ನೀವು ತೆಗೆಯುವ ಚಿತ್ರಗಳ ಬಗ್ಗೆ ನನ್ನ ತಕರಾರಿಲ್ಲ. ಚಿತ್ರದ ಕೆಳಗೆ ಬರೆಯುವ ಒಂದು ಸಾಲಿನ ಬಗ್ಗೆ ಇದೆ.

"ಗಂಡು ಹುಲಿ, ತೂಕ ಅಂದಾಜು 280 ಕೆ.ಜಿ." "ಕಬಿನಿಯ ಕರಿಚಿರತೆ, 90 ಕೆ.ಜಿ.ಗೆ ಕಡಿಮೆ ಇಲ್ಲ." ಇಂಥ ಸಾಲುಗಳು ಈಗ ನಿಮ್ಮ ಪ್ರತಿ ಚಿತ್ರದ ಜೊತೆಗೂ ಬರುತ್ತಿವೆ. ತೂಗಿದವರು ಯಾರು? ಯಾವ ತಕ್ಕಡಿಯಲ್ಲಿ? ಒಂದು ಪ್ರಾಣಿ ಜೀಪಿನ ಮುಂದೆ ಅರ್ಧ ನಿಮಿಷ ನಿಂತು ಲಂಟಾನದ ಪೊದೆಯೊಳಗೆ ಹೊಕ್ಕಿದೆ. ನಿಮ್ಮ ಕೈಯಲ್ಲಿ ಉಳಿದದ್ದು ಬೆಳಕಿನ ಒಂದು ಅಚ್ಚು. ಅದರಿಂದ ಕಿಲೋಗ್ರಾಂ ಹೇಗೆ ಬಂತು?

ನಾನು ನಿವೃತ್ತ ಪಶುವೈದ್ಯ. ಹರಿಹರ, ಚನ್ನಗಿರಿ ಕಡೆಯ ಪಶು ಆಸ್ಪತ್ರೆಗಳಲ್ಲಿ ಎತ್ತು, ಎಮ್ಮೆ, ಕುರಿಗಳ ಜೊತೆ ಬದುಕು ಕಳೆದವನು. ಪ್ರಾಣಿಯ ತೂಕ ನಮಗೆ ಹರಟೆಯ ವಿಷಯವಲ್ಲ, ಸೂಜಿಯೊಳಗೆ ಎಷ್ಟು ಮದ್ದು ತುಂಬಬೇಕು ಎನ್ನುವುದಕ್ಕೆ ಆಧಾರ. ಹಾಗಾಗಿ ಈ ವಿಷಯದಲ್ಲಿ ನನ್ನ ಕಿವಿ ಸ್ವಲ್ಪ ಚುರುಕು, ನಾಲಿಗೆ ಸ್ವಲ್ಪ ಒರಟು. ಕ್ಷಮಿಸಿ ಓದಿ.

ಮೊದಲು ಕೈಗೆ ಸಿಗುವ ಪ್ರಾಣಿಯ ಕಥೆ ಕೇಳಿ. ಹಳ್ಳಿಯಲ್ಲಿ ಎತ್ತನ್ನು ತೂಗುವ ಯಂತ್ರ ಎಲ್ಲಿಂದ ಬರಬೇಕು? ನಾವು ಟೇಪು ಹಿಡಿಯುತ್ತಿದ್ದೆವು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದಿಂದ ಪಿರ್ರೆಯ ಮೂಳೆಯವರೆಗೆ ಉದ್ದ. ಎರಡನ್ನೂ ಇಂಚಿನಲ್ಲಿ ತೆಗೆದುಕೊಂಡು, ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ ಬರುತ್ತದೆ. ಹಳೆಯ ಸೂತ್ರ, ಪಶುವೈದ್ಯರಿಗೆಲ್ಲ ಗೊತ್ತಿರುವುದು. ದನ ಸುಮ್ಮನೆ ನಿಂತಿರಬೇಕು, ನೆಲ ಸಮ ಇರಬೇಕು, ಟೇಪು ಚರ್ಮಕ್ಕೆ ಅಂಟಿರಬೇಕು. ಇಷ್ಟೆಲ್ಲ ಇದ್ದೂ ಉತ್ತರ ಆಚೀಚೆ ಆಗುತ್ತದೆ. ಸುತ್ತಳತೆಯಲ್ಲಿ ನೂರಕ್ಕೆ ಐದು ಪಾಲು ತಪ್ಪಿದರೆ ತೂಕದಲ್ಲಿ ಹತ್ತು ಪಾಲು ತಪ್ಪುತ್ತದೆ, ಏಕೆಂದರೆ ಆ ಅಂಕಿ ಲೆಕ್ಕದೊಳಗೆ ಎರಡು ಸಲ ಕೂತಿದೆ. ಬೆಳಿಗ್ಗೆ ನೀರು ಕುಡಿಸುವ ಮೊದಲು ಅಳೆದ ಎತ್ತು ಸಂಜೆ ಹೊಟ್ಟೆ ತುಂಬಿದಾಗ ಬೇರೆಯೇ ಎತ್ತು.

ಕುರಿ ಸಂತೆಯ ದಲ್ಲಾಳಿಯನ್ನು ನೋಡಿದ್ದೀರಲ್ಲ? ಅವನು ಕುರಿಯನ್ನು ದೂರದಿಂದ ನೋಡಿ ರೇಟು ಹೇಳುವುದಿಲ್ಲ. ಹತ್ತಿರ ಬರುತ್ತಾನೆ, ಸೊಂಟದ ಮೇಲೆ ಬೆರಳೂರಿ ಮೂಳೆಗೂ ಚರ್ಮಕ್ಕೂ ನಡುವೆ ಮಾಂಸ ಎಷ್ಟಿದೆ ಎಂದು ಒತ್ತಿ ನೋಡುತ್ತಾನೆ, ಬಾಲದ ಬುಡ ಹಿಡಿಯುತ್ತಾನೆ, ಕೊನೆಗೆ ಎರಡೂ ಕೈ ಹಾಕಿ ಒಮ್ಮೆ ಎತ್ತಿಯೇ ಬಿಡುತ್ತಾನೆ. ಮೂವತ್ತು ವರ್ಷ ಅದೇ ಕೆಲಸ ಮಾಡಿದವನೂ ಎತ್ತಿದ ಮೇಲೆ ಹೇಳುತ್ತಾನೆ, ನೋಡಿ ಹೇಳುವುದಿಲ್ಲ. ಉಣ್ಣೆ ಕತ್ತರಿಸದ ಕುರಿ ಕಣ್ಣಿಗೆ ಸುಳ್ಳು ಹೇಳುತ್ತದೆ ಎಂದು ಅವನಿಗೆ ಗೊತ್ತು. ನೀವು ನಲವತ್ತು ಮೀಟರ್ ದೂರದ, ಮುಟ್ಟಲಾಗದ, ಎತ್ತಲಾಗದ, ಅರ್ಧ ಮೈ ಹುಲ್ಲಿನಲ್ಲಿ ಮುಳುಗಿದ ಪ್ರಾಣಿಗೆ ಕೆ.ಜಿ. ಲೆಕ್ಕ ಹೇಳುತ್ತಿದ್ದೀರಿ.

ಈಗ ಲೆನ್ಸಿನ ಲೆಕ್ಕಕ್ಕೆ ಬರೋಣ. ನಿಮ್ಮಲ್ಲಿ ಬಹುಪಾಲು ಮಂದಿ ಇಂಜಿನಿಯರಿಂಗ್ ಓದಿದವರು, ನನಗಿಂತ ಬೇಗ ಹಿಡಿಯುತ್ತೀರಿ.

ಪ್ರಾಣಿಯ ತೂಕ ಅದರ ಗಾತ್ರದ ಘನಕ್ಕೆ ಅನುಗುಣವಾಗಿ ಏರುತ್ತದೆ. ಮೈಕಟ್ಟು ಅದೇ ಇದ್ದು ಉದ್ದ, ಎತ್ತರ, ಅಗಲ ಮೂರೂ ನೂರಕ್ಕೆ ಹತ್ತು ಪಾಲು ಹೆಚ್ಚಿದರೆ ತೂಕ ಮೂವತ್ತಮೂರು ಪಾಲು ಹೆಚ್ಚುತ್ತದೆ. ಹತ್ತು ಪಾಲು ಕಡಿಮೆಯಾದರೆ ಇಪ್ಪತ್ತೇಳು ಪಾಲು ಇಳಿಯುತ್ತದೆ. ನಿಜಕ್ಕೂ 200 ಕೆ.ಜಿ. ಇರುವ ಒಂದು ಹುಲಿ ಎಂದುಕೊಳ್ಳಿ. ಅಳತೆಯಲ್ಲಿ ಹತ್ತು ಪಾಲು ಆಚೆ ಹೋದವನಿಗೆ ಅದು 266 ಕೆ.ಜಿ., ಹತ್ತು ಪಾಲು ಈಚೆ ಬಂದವನಿಗೆ 146 ಕೆ.ಜಿ. ಒಬ್ಬನ ಲೆಕ್ಕದಲ್ಲಿ ದಾಖಲೆ ಮುರಿಯುವ ಗಂಡು, ಇನ್ನೊಬ್ಬನ ಲೆಕ್ಕದಲ್ಲಿ ಮಾಮೂಲಿ ಹೆಣ್ಣು. ಇಬ್ಬರೂ ನೋಡುತ್ತಿರುವುದು ಒಂದೇ ಚಿತ್ರ. ನಿಮ್ಮ ಜಗಳಗಳೆಲ್ಲ ಹುಟ್ಟುವುದು ಈ ಜಾಗದಲ್ಲಿ.

ಆ ಹತ್ತು ಪಾಲು ತಪ್ಪು ಎಷ್ಟು ಸುಲಭ ನೋಡಿ. ಒಂದು ಮೀಟರ್ ಎತ್ತರದ ಹುಲಿ ನಲವತ್ತು ಮೀಟರ್ ದೂರದಲ್ಲಿದೆ, ನಿಮ್ಮದು 400 ಎಂ.ಎಂ. ಲೆನ್ಸು. ಸೆನ್ಸಾರ್ ಮೇಲೆ ಅದರ ಎತ್ತರ ಹತ್ತು ಮಿಲಿಮೀಟರ್. ಅದೇ ಹುಲಿ ಮೂವತ್ತಾರು ಮೀಟರ್ ದೂರದಲ್ಲಿದ್ದರೆ ಹನ್ನೊಂದು ಮಿಲಿಮೀಟರಿಗೆ ಕೊಂಚ ಹೆಚ್ಚು. ನೀವು "ನಲವತ್ತು ಮೀಟರ್ ಇತ್ತು" ಎಂದು ನಂಬಿಕೊಂಡು ಲೆಕ್ಕ ಹಾಕಿದರೆ ಆ 200 ಕೆ.ಜಿ. ಹುಲಿ 274 ಕೆ.ಜಿ. ಆಗಿ ಕೂತಿರುತ್ತದೆ. ನಾಲ್ಕು ಮೀಟರ್ ಎಂದರೆ ನಿಮ್ಮ ಕಾರಿನ ಉದ್ದ. ಏರುತಗ್ಗಿನ ಕಾಡುದಾರಿಯಲ್ಲಿ, ಬೆಳಗಿನ ಮಂಜಿನಲ್ಲಿ, ಎದೆ ಡವಡವ ಎನ್ನುವಾಗ ಒಂದು ಕಾರಿನ ಉದ್ದವನ್ನು ಕಣ್ಣಲ್ಲಿ ಅಳೆಯುವ ಗಟ್ಟಿಗರು ಯಾರಾದರೂ ಇದ್ದರೆ ಮುಂದೆ ಬನ್ನಿ.

ಪ್ರಾಣಿ ನಿಂತ ಕೋನದ್ದು ಇನ್ನೊಂದು ತರಲೆ. ಪಕ್ಕಕ್ಕೆ ನಿಂತಂತೆ ಕಾಣುವ ಹುಲಿ ನಿಜವಾಗಿ ಇಪ್ಪತ್ತೈದು ಡಿಗ್ರಿಯಷ್ಟು ನಿಮ್ಮ ಕಡೆಗೋ ಆಚೆಗೋ ತಿರುಗಿರುತ್ತದೆ. ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಮೈಯ ಉದ್ದದಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಚಿತ್ರದಿಂದ ಮಾಯವಾಗಿರುತ್ತದೆ, ಎತ್ತರ ಮಾತ್ರ ಹಾಗೇ ಉಳಿದಿರುತ್ತದೆ. ಉದ್ದ ಕುಗ್ಗಿ ಎತ್ತರ ಉಳಿದ ಪ್ರಾಣಿ ಗುಂಡಗೆ, ದಪ್ಪಗೆ, ಗಟ್ಟಿಮುಟ್ಟಾಗಿ ಕಾಣುತ್ತದೆ. "ಎಂಥ ಮೈಕಟ್ಟು ನೋಡ್ರಿ" ಎಂದು ನೀವು ಹೊಗಳಿದ ಎಷ್ಟೋ ಹುಲಿಗಳ ಮೈಕಟ್ಟು ಈ ಓರೆ ನಿಲುವಿನ ಕೊಡುಗೆ. ಎದುರಿಗೆ ನಡೆದು ಬರುವ ಹುಲಿಯ ಚಿತ್ರದಲ್ಲಂತೂ ಉದ್ದ ಎನ್ನುವುದೇ ಇರುವುದಿಲ್ಲ. ತಲೆ, ಕೊರಳು, ಭುಜ ಇಷ್ಟೇ. ಆ ಚಿತ್ರದಿಂದ ತೂಕ ಹೇಳುವುದು ಮನೆಯ ಹೊಸ್ತಿಲು ನೋಡಿ ಹಿತ್ತಿಲ ಅಳತೆ ಹೇಳಿದ ಹಾಗೆ.

ಕ್ಯಾಮೆರಾ ಇರುವ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಫಾರಿ ಬಸ್ಸಿನ ಮೇಲಿಂದ ತೆಗೆದರೆ ಪ್ರಾಣಿ ಕುಳ್ಳಗೆ, ಕಬಿನಿ ಹಿನ್ನೀರಿನಲ್ಲಿ ದೋಣಿಯಿಂದ ತೆಗೆದರೆ ದಿಬ್ಬದ ಮೇಲಿನ ಅದೇ ಪ್ರಾಣಿ ಆಕಾಶಕ್ಕೆ ತಲೆ ತಾಗಿಸಿದಂತೆ. ಅರಣ್ಯ ಇಲಾಖೆಯವರು ಮರಕ್ಕೆ ಕಟ್ಟುವ ಕ್ಯಾಮೆರಾ ಟ್ರ್ಯಾಪ್ ಮನುಷ್ಯನ ಮೊಣಕಾಲಿನ ಎತ್ತರದಲ್ಲಿರುತ್ತದೆ, ಪ್ರಾಣಿ ಕೆಲವೇ ಮೀಟರ್ ದೂರದಲ್ಲಿ ದಾಟುತ್ತದೆ, ಲೆನ್ಸು ಅಗಲ. ಹತ್ತಿರದ ಭುಜ ಉಬ್ಬುತ್ತದೆ, ದೂರದ ಸೊಂಟ ಸಣ್ಣಗಾಗುತ್ತದೆ. ನ್ಯಾಮತಿ, ಹೊನ್ನಾಳಿ ಕಡೆ ಚಿರತೆ ಕಂಡಿತೆಂದು ಸುದ್ದಿಯಾದಾಗ ಸಿ.ಸಿ. ಕ್ಯಾಮೆರಾದ ಮಸುಕು ತುಣುಕು ಹಿಡಿದು "ಭಾರೀ ಗಾತ್ರದ ಚಿರತೆ" ಎಂದು ಟಿ.ವಿ.ಯವರು ಕೂಗುತ್ತಾರಲ್ಲ, ಆ ಕ್ಯಾಮೆರಾ ಇರುವುದು ಗೋಡೆಯ ಮೇಲೆ, ಅಂಚಿನಲ್ಲಿ ಎಲ್ಲವನ್ನೂ ಬಾಗಿಸುವ ಅಗಲ ಲೆನ್ಸಿನೊಂದಿಗೆ. ಭಾರೀ ಎನ್ನುವುದಕ್ಕೆ ಅವರಲ್ಲಿರುವ ಪುರಾವೆ ಅಷ್ಟೇ.

ನಿಮ್ಮಲ್ಲಿ ಬುದ್ಧಿವಂತರು ಒಂದು ಉಪಾಯ ಹೇಳುತ್ತೀರಿ: ಪಕ್ಕದಲ್ಲಿರುವ ವಸ್ತುವಿನ ಜೊತೆ ಹೋಲಿಸಿದರೆ ಆಯಿತು. ಹುಲಿಯ ಹಿಂದೆ ಕಾಟಿ ನಿಂತಿದೆ, ಕಾಟಿಯ ಎತ್ತರ ಗೊತ್ತು, ಹಾಗಾದರೆ ಹುಲಿ ಇಷ್ಟು. ಉದ್ದ ಲೆನ್ಸು ಮಾಡುವ ಮೋಸ ಇದೇ. ಅದು ಹಿಂದಿನದನ್ನೂ ಮುಂದಿನದನ್ನೂ ಒಂದಕ್ಕೊಂದು ಅಂಟಿಸಿ ತೋರಿಸುತ್ತದೆ. ಕಾಟಿ ಹುಲಿಗಿಂತ ಎಂಟು ಮೀಟರ್ ಹಿಂದಿರಬಹುದು, ಚಿತ್ರದಲ್ಲಿ ಅವು ಅಕ್ಕಪಕ್ಕ. ಶಿಕಾರಿಯ ಕಾಲದ ಹಳೇ ಚಿತ್ರಗಳಲ್ಲಿ ದೊರೆಗಳೂ ಸಾಹೇಬರೂ ಸತ್ತ ಹುಲಿಯ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಕುಕ್ಕರುಗಾಲಲ್ಲಿ ಕೂರುತ್ತಿದ್ದುದು ಸುಮ್ಮನೆ ಅಲ್ಲ. ಮುಂದಿನ ಹುಲಿ ಬೆಟ್ಟದಷ್ಟು, ಹಿಂದಿನ ಮನುಷ್ಯ ಗೊಂಬೆಯಷ್ಟು. ಮೀನು ಹಿಡಿದವರು ತೋಳು ಮುಂದಕ್ಕೆ ಚಾಚಿ ಫೋಟೋ ತೆಗೆಸಿಕೊಳ್ಳುವುದೂ ಅದೇ ವಿದ್ಯೆ.

ಇಷ್ಟಾದ ಮೇಲೂ ಎಲ್ಲವನ್ನೂ ಸರಿಯಾಗಿ ಅಳೆದಿರಿ ಎನ್ನೋಣ. ಆಗ ನಿಮಗೆ ಸಿಗುವುದು ಎತ್ತರ, ಹೆಚ್ಚೆಂದರೆ ಉದ್ದ. ತೂಕ ಅದರಾಚೆ ಇದೆ. ಹುಲಿ ಒಂದೇ ಊಟಕ್ಕೆ ಇಪ್ಪತ್ತು, ಮೂವತ್ತು ಕೆ.ಜಿ. ಮಾಂಸ ತಿನ್ನಬಲ್ಲದು. ಹಸಿದ ಗಂಡು ಮತ್ತು ಕಡವೆ ತಿಂದು ನೀರಿಗೆ ಬಂದ ಅದೇ ಗಂಡು, ಇವೆರಡರ ನಡುವೆ ಅಷ್ಟು ವ್ಯತ್ಯಾಸ ಒಂದು ರಾತ್ರಿಯಲ್ಲಿ ಆಗುತ್ತದೆ. ಹೊಟ್ಟೆಯ ಕೆಳಗೆ ಜೋಲುವ ಸಡಿಲ ಚರ್ಮ ದೊಡ್ಡ ಬೆಕ್ಕುಗಳಿಗೆಲ್ಲ ಇರುತ್ತದೆ, ಅದನ್ನು ಕೊಬ್ಬು ಎಂದು ಎಣಿಸುವವರೂ ಇದ್ದಾರೆ. ಗಂಡು ಹುಲಿಯ ಕೆನ್ನೆಗೂದಲು, ಸಿಂಹದ ಕೇಸರ, ರಷ್ಯಾದ ಹುಲಿಯ ಚಳಿಗಾಲದ ದಟ್ಟ ರೋಮ, ಇವೆಲ್ಲ ಕಣ್ಣಿಗೆ ಭಾರ, ತಕ್ಕಡಿಗೆ ಹಗುರ. ಬಾಲವಂತೂ ಇಡೀ ಉದ್ದದಲ್ಲಿ ಮೂರನೇ ಒಂದು ಪಾಲು, ತೂಕದಲ್ಲಿ ಅದಕ್ಕೆ ಲೆಕ್ಕವೇ ಇಲ್ಲ.

ಕಬಿನಿಯ ಕರಿಚಿರತೆಯ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳಬೇಕು, ಏಕೆಂದರೆ ನಿಮ್ಮ ಅತಿ ಉಬ್ಬಿದ ಅಂಕಿಗಳು ಅದಕ್ಕೇ ಬಿದ್ದಿವೆ. ಅದು ಬೇರೆ ಜಾತಿಯೇನಲ್ಲ, ಬಣ್ಣ ಕಪ್ಪಾದ ಚಿರತೆ. ಬಿಸಿಲಿಗೆ ಹಿಡಿದು ನೋಡಿದರೆ ಚುಕ್ಕೆಗಳೂ ಕಾಣುತ್ತವೆ. ನಮ್ಮ ಕಡೆಯ ಬೆಳೆದ ಗಂಡು ಚಿರತೆ ಸಾಮಾನ್ಯವಾಗಿ 50ರಿಂದ 70 ಕೆ.ಜಿ., ಹೆಣ್ಣು ಅದಕ್ಕಿಂತ ಎಷ್ಟೋ ಕಡಿಮೆ. ಹಾಗಿರುವಾಗ ಈ ಕಪ್ಪು ಚರ್ಮದವನಿಗೆ ಮಾತ್ರ 90 ಹೇಗೆ ಬಂತು? ಚುಕ್ಕೆ ಇದ್ದ ಮೈಯಲ್ಲಿ ಕಣ್ಣಿಗೆ ಆಧಾರ ಸಿಗುತ್ತದೆ: ಪಕ್ಕೆ ಎಲ್ಲಿ ಒಳಕ್ಕೆ ಹೋಗಿದೆ, ತೊಡೆ ಎಲ್ಲಿ ಹೊರಕ್ಕೆ ಬಂದಿದೆ ಎಂದು ಚುಕ್ಕೆಗಳ ಬಾಗು ಹೇಳುತ್ತದೆ. ಕಪ್ಪು ಮೈ ಅಂಚು ಮಾತ್ರ ತೋರಿಸುತ್ತದೆ, ಒಳಗಿನದನ್ನು ಭಯವೋ ಭಕ್ತಿಯೋ ತುಂಬಿಕೊಳ್ಳುತ್ತದೆ. ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿದವರಿಗೆ ಗೊತ್ತು, ಒಂದೇ ಮೈಯನ್ನು ಓರೆ ಬೆಳಕು ಹೇಗೆ ಕಡೆದು ನಿಲ್ಲಿಸುತ್ತದೆ, ನಡುಹಗಲ ಬೆಳಕು ಹೇಗೆ ಚಪ್ಪಟೆ ಮಾಡುತ್ತದೆ ಎಂದು. ಬೆಳಕು ಮಾಂಸಖಂಡ ಕೊಡುತ್ತದೆ, ಕಿಲೋ ಕೊಡುವುದಿಲ್ಲ.

ಹಾಗಾದರೆ ಪ್ರಾಣಿಯನ್ನು ನಿಜವಾಗಿ ತೂಗಿದವರು ಯಾರೂ ಇಲ್ಲವೇ? ಇದ್ದಾರೆ, ಅದೂ ನಮ್ಮ ರಾಜ್ಯದಲ್ಲೇ. ಡಾ. ಕೆ. ಉಲ್ಲಾಸ ಕಾರಂತರು 1990ರ ಸುಮಾರಿಗೆ ನಾಗರಹೊಳೆಯಲ್ಲಿ ಹುಲಿಗಳಿಗೆ ಅರಿವಳಿಕೆ ಕೊಟ್ಟು, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಅಧ್ಯಯನ ಮಾಡಿದರು. ಆಗ ತೂಗಿದ ಮೂರು ಗಂಡುಗಳು 209ರಿಂದ 227 ಕೆ.ಜಿ. ನಡುವೆ ಇದ್ದವು, ಒಂದು ಹೆಣ್ಣು 177 ಕೆ.ಜಿ. ನೇಪಾಳದ ಚಿತವನದಲ್ಲಿ ಹೀಗೇ ತೂಗಿದ ಏಳು ಗಂಡು ಹುಲಿಗಳಲ್ಲಿ ಅತಿ ಹಗುರದ್ದು 200, ಅತಿ ಭಾರದ್ದು 261 ಕೆ.ಜಿ. ಮೈತುಂಬ ಮಾಂಸ ಸಿಗುವ, ಕಾಟಿ ಕಡವೆ ತುಂಬಿದ ಒಳ್ಳೆಯ ಕಾಡುಗಳ ಹುಲಿಗಳಿವು. ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು ನಿಮ್ಮ ಚಿತ್ರಗಳ ಅಡಿಬರಹ ಓದಿ. ನೀವು ಕಂಡ ಎರಡು ಮೂರು ಗಂಡುಗಳಲ್ಲಿ ಒಂದು 280 ತೂಗುತ್ತದೆ ಎಂದರೆ ಒಂದೋ ನಮ್ಮ ಕಾಡಿನಲ್ಲಿ ಏನೋ ಪವಾಡ ಆಗಿರಬೇಕು, ಇಲ್ಲವೇ ಅಂದಾಜಿನಲ್ಲಿ ಗಾಳಿ ತುಂಬಿರಬೇಕು.

ದಾಖಲೆಯ ಹುಲಿಯೊಂದು ಇದೆ, ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಅದನ್ನೇ ನನ್ನ ಮುಖಕ್ಕೆ ಹಿಡಿಯುತ್ತೀರಿ. 1967ರಲ್ಲಿ ಡೇವಿಡ್ ಹ್ಯಾಸಿಂಜರ್ ಎಂಬ ಅಮೆರಿಕದ ಬೇಟೆಗಾರ ಉತ್ತರ ಪ್ರದೇಶದಲ್ಲಿ ಹೊಡೆದ ಗಂಡು 389 ಕೆ.ಜಿ. ತೂಗಿತು. ಈಗ ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಸಾಯುವ ಮುನ್ನ ಅದು ಒಂದು ಎಮ್ಮೆಗರುವನ್ನು ತಿಂದಿತ್ತು. ಆ ಅಂಕಿಯೊಳಗೆ ಹುಲಿ ಎಷ್ಟು, ಎಮ್ಮೆ ಎಷ್ಟು ಎಂದು ಬಿಡಿಸಿ ತೂಗಿದವರಿಲ್ಲ. ಇದ್ದದ್ದರಲ್ಲಿ ದೊಡ್ಡ ಹುಲಿ ಅದು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಂದು ಅಪರೂಪದ ಪ್ರಾಣಿ ಎಲ್ಲಕ್ಕೂ ಅಳತೆಗೋಲು ಆಗುವುದಿಲ್ಲ.

ಶಿಕಾರಿಯವರ ಅಂಕಿಗಳನ್ನು ಓದುವಾಗ ಇನ್ನೂ ಒಂದು ಎಚ್ಚರ ಬೇಕು. ಹುಲಿಯ ಉದ್ದ ಅಳೆಯಲು ಅವರಲ್ಲಿ ಎರಡು ಪದ್ಧತಿ. ಮೂಗಿನ ತುದಿಗೊಂದು, ಬಾಲದ ತುದಿಗೊಂದು ಗೂಟ ಹೊಡೆದು ನೇರ ಅಂತರ ಅಳೆಯುವುದು ಒಂದು. ಬೆನ್ನಿನ ಏರುತಗ್ಗಿನ ಮೇಲೆಲ್ಲ ಟೇಪು ಒತ್ತಿ ಹಾಯಿಸುವುದು ಇನ್ನೊಂದು. ಎರಡನೆಯದರಲ್ಲಿ ಕೆಲವು ಇಂಚು ಪುಕ್ಕಟೆ ಸಿಗುತ್ತದೆ. ಜಿಮ್ ಕಾರ್ಬೆಟ್ 1930ರಲ್ಲಿ ಹೊಡೆದ, 'ಪೋವಾಲ್‌ಗಢದ ಬ್ರಹ್ಮಚಾರಿ' ಎಂದು ಹೆಸರಾದ ಹುಲಿ ಹತ್ತು ಅಡಿ ಏಳು ಇಂಚು ಎನ್ನುವುದು ಹೀಗೆ ಬಾಗಿನ ಮೇಲೆ ಅಳೆದದ್ದು. ಚರ್ಮ ಸುಲಿದ ಮೇಲೆ ಹಸಿಯಾಗಿದ್ದಾಗ ಎಳೆದರೆ ಇನ್ನೂ ಹಿಗ್ಗುತ್ತದೆ, ಬೇಟೆಯ ಚರ್ಮ ಹದಮಾಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಗೆ ಬರುತ್ತಿದ್ದ ಚರ್ಮಗಳ ಉದ್ದ ನಂಬಿ ಪ್ರಾಣಿಯ ಗಾತ್ರ ಹೇಳುವಂತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿ ಹೆಸರಾದ ಜಿ.ಪಿ. ಸ್ಯಾಂಡರ್ಸನ್ ಈ ವಿಷಯದಲ್ಲಿ ನನಗೆ ಇಷ್ಟವಾದ ಮನುಷ್ಯ. ಹನ್ನೆರಡು ಅಡಿ ಹುಲಿಯ ಕಥೆಗಳು ಕ್ಲಬ್ಬುಗಳಲ್ಲಿ ಓಡಾಡುತ್ತಿದ್ದ ಕಾಲದಲ್ಲಿ, 1878ರ ತನ್ನ ಪುಸ್ತಕದಲ್ಲಿ, ತಾನು ಹೊಡೆದ ಅತಿ ದೊಡ್ಡ ಗಂಡು ಒಂಬತ್ತೂವರೆ ಅಡಿ ಎಂದು ಬರೆದು ಸುಮ್ಮನಾದ. ಕೂಚ್‌ಬಿಹಾರದ ಮಹಾರಾಜ ನೃಪೇಂದ್ರ ನಾರಾಯಣ ತಮ್ಮ ಬೇಟೆಗಳನ್ನು ತಕ್ಕಡಿಗೇ ಹಾಕಿಸಿ 1908ರ ಪುಸ್ತಕದಲ್ಲಿ ಪಟ್ಟಿ ಕೊಟ್ಟರು. ಕೊಂದದ್ದಕ್ಕೆ ಹೊಗಳಲಾರೆ, ತೂಗಿ ಬರೆದದ್ದಕ್ಕೆ ಹೊಗಳಲೇಬೇಕು.

ನಮ್ಮ ಪಕ್ಕದ ಹೊಸದುರ್ಗ, ಹೊಳಲ್ಕೆರೆ ಸೀಮೆಯ ನರಭಕ್ಷಕ ಹುಲಿಯ ಮೇಲೆ ಕೆನೆತ್ ಆಂಡರ್ಸನ್ ಒಂದು ಇಡೀ ಕಥೆ ಬರೆದಿದ್ದಾನೆ. ಆಂಡರ್ಸನ್ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಮೇಲೆ ನನ್ನ ತಲೆಮಾರಿನವರೆಲ್ಲ ರಾತ್ರಿ ದೀಪ ಆರಿಸಲು ಹೆದರಿದವರೇ. ಆ ಕಥೆಗಳಲ್ಲಿ ಹುಲಿ ದೊಡ್ಡದಾಗಿಯೇ ಇರಬೇಕು, ಅದು ಕಥೆಯ ಹಕ್ಕು. ನಿಮ್ಮ ಅಡಿಬರಹಕ್ಕೆ ಆ ಹಕ್ಕಿಲ್ಲ, ಅದು ಮಾಹಿತಿಯ ವೇಷ ಹಾಕಿಕೊಂಡು ಬರುತ್ತದೆ.

ಫೋಟೋದಿಂದ ಏನೂ ತಿಳಿಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಅದು ಅನ್ಯಾಯ. ಹುಲಿಯ ಪಟ್ಟೆ ಮನುಷ್ಯನ ಬೆರಳಚ್ಚಿನಂತೆ, ಒಂದರದ್ದು ಇನ್ನೊಂದಕ್ಕಿಲ್ಲ. ಚಿತ್ರದ ಪಟ್ಟೆ ಹೋಲಿಸಿ ಇದು ಯಾವ ಹುಲಿ ಎಂದು ಖಚಿತವಾಗಿ ಹೇಳಬಹುದು. ಕಾರಂತರು ಈ ಗುರುತಿನ ಮೇಲೆ ಸಂಖ್ಯಾಶಾಸ್ತ್ರದ ಲೆಕ್ಕ ಕಟ್ಟಿ, ಕಾಡಿನಲ್ಲಿ ಹುಲಿ ಎಷ್ಟಿರಬಹುದು ಎಂದು ಅಂದಾಜಿಸುವ ದಾರಿಯನ್ನು 1995ರಲ್ಲಿ ಪ್ರಕಟಿಸಿದರು. 2018ರ ರಾಷ್ಟ್ರೀಯ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು ಪಡೆದ ಚಿತ್ರಗಳಲ್ಲಿ ಹುಲಿಯವು 76,651. ಅವುಗಳಿಂದ ಮರಿಗಳನ್ನು ಬಿಟ್ಟು 2,461 ಹುಲಿಗಳನ್ನು ಒಂದೊಂದಾಗಿ ಗುರುತಿಸಿದರು. ಆ ಗಣತಿಯ ಒಟ್ಟು ಅಂದಾಜಿನಲ್ಲಿ ಕರ್ನಾಟಕದ ಪಾಲು 524. ಇಷ್ಟು ದೊಡ್ಡ ಕೆಲಸವನ್ನು ಫೋಟೋ ಮಾಡಿತು. ಆ ಮುಕ್ಕಾಲು ಲಕ್ಷ ಚಿತ್ರಗಳಿಂದ ಯಾರೂ ಇದು ಇಷ್ಟು ಕೆ.ಜಿ. ಎಂದು ಬರೆಯಲು ಹೋಗಲಿಲ್ಲ, ಬರೆದಿದ್ದರೆ ನಗೆಪಾಟಲಾಗುತ್ತಿತ್ತು. ಬಂಡೀಪುರದ 'ಪ್ರಿನ್ಸ್' 2017ರಲ್ಲಿ ಸತ್ತಾಗ ಅವನಷ್ಟು ಫೋಟೋ ತೆಗೆಸಿಕೊಂಡ ಹುಲಿ ನಮ್ಮ ಕಡೆ ಇನ್ನೊಂದಿರಲಿಲ್ಲ. ಅವನ ಎಡ ಬಲ ಮಗ್ಗುಲಿನ ಒಂದೊಂದು ಪಟ್ಟೆಯೂ ಅಭಿಮಾನಿಗಳಿಗೆ ಬಾಯಿಪಾಠ. ಆ ಸಾವಿರಾರು ಚಿತ್ರಗಳನ್ನು ಒಟ್ಟು ಹಾಕಿದರೂ ಒಂದು ಕಿಲೋಗ್ರಾಂ ಹುಟ್ಟುವುದಿಲ್ಲ.

ವಿಜ್ಞಾನಿಗಳು ಚಿತ್ರದಿಂದ ಅಳತೆ ತೆಗೆಯುವುದುಂಟು. ಸಮಾಂತರವಾಗಿ ಕಟ್ಟಿದ ಎರಡು ಲೇಸರ್ ಚುಕ್ಕೆಗಳನ್ನು ಪ್ರಾಣಿಯ ಮಗ್ಗುಲಿಗೆ ಬಿಟ್ಟರೆ ಅವುಗಳ ನಡುವಿನ ಅಂತರ ಗೊತ್ತಿರುವುದರಿಂದ ಚಿತ್ರದಲ್ಲೇ ಅಳತೆಪಟ್ಟಿ ಸಿಕ್ಕಂತಾಗುತ್ತದೆ. ತಿಮಿಂಗಿಲಗಳನ್ನು ಡ್ರೋನ್ ಮೇಲಿಂದ ಅಳೆಯುವಾಗ ಡ್ರೋನ್ ಇರುವ ಎತ್ತರವೇ ಅಳತೆಪಟ್ಟಿ. (ಲೇಸರ್ ಎಂದ ಕೂಡಲೇ ಯಾರೂ ಟಾರ್ಚು ಕೊಳ್ಳಲು ಓಡಬೇಡಿ. ಸಫಾರಿಯಲ್ಲಿ ಪ್ರಾಣಿಯ ಮೇಲೆ ಬೆಳಕು ಬಿಟ್ಟರೆ ಕೇಸು ಬೀಳುತ್ತದೆ, ಬೀಳಲೂಬೇಕು.) ಇದರಲ್ಲಿ ಸಿಗುವುದೂ ಭುಜದ ಎತ್ತರ, ಮೈಯ ಉದ್ದ. ಅಲ್ಲಿಂದ ತೂಕಕ್ಕೆ ಹೋಗಬೇಕಾದರೆ, ಅದೇ ಜಾತಿಯ ಹಲವು ಪ್ರಾಣಿಗಳನ್ನು ಮೊದಲೇ ಅಳೆದೂ ತೂಗಿಯೂ ಇಟ್ಟ ಪಟ್ಟಿ ಬೇಕು. ಕಾಡುಹುಲಿಯ ಮಟ್ಟಿಗೆ ಅಂಥ ಪಟ್ಟಿ ಬಲು ಚಿಕ್ಕದು. ತ್ಯಾವರೆಕೊಪ್ಪದ ಸಫಾರಿಯಲ್ಲೋ ಆನಗೋಡಿನ ಮೃಗಾಲಯದಲ್ಲೋ ಕಂಡ ಪ್ರಾಣಿಯನ್ನು ಮಾದರಿಯಾಗಿ ಇಟ್ಟುಕೊಳ್ಳುವಂತೆಯೂ ಇಲ್ಲ. ದಿನಾ ಮಾಂಸ ತಿಂದು ಆವರಣದೊಳಗೆ ಅಡ್ಡಾಡುವ ಮೈಯೇ ಬೇರೆ, ಕಾಡಿನಲ್ಲಿ ರಾತ್ರಿಯಿಡೀ ನಡೆಯುವ ಮೈಯೇ ಬೇರೆ.

"ಇಷ್ಟೆಲ್ಲ ಯಾಕೆ ಡಾಕ್ಟರೇ, ನಾವೇನು ಪ್ರಬಂಧ ಬರೀತೀವಾ, ಸುಮ್ಮನೆ ಖುಷಿಗೆ" ಎನ್ನುತ್ತೀರಿ. ಖುಷಿ ಇರಲಿ. ಆದರೆ ಅಂಕಿ ಸುಮ್ಮನೆ ಕೂರುವ ಪದಾರ್ಥವಲ್ಲ. ಇದೇ ದೇಶದಲ್ಲಿ ಹೆಜ್ಜೆಗುರುತು ನೋಡಿ ಹುಲಿ ಎಣಿಸುತ್ತಿದ್ದ ಕಾಲವೊಂದಿತ್ತು. ಮಣ್ಣು ಹಸಿಯಾದರೆ ಹೆಜ್ಜೆ ಹಿಗ್ಗುತ್ತದೆ, ಓಡಿದರೆ ಒಂದು ಆಕಾರ, ನಡೆದರೆ ಇನ್ನೊಂದು. ಅಂದಾಜು ರಿಜಿಸ್ಟರಿಗೆ ಸೇರಿತು, ರಿಜಿಸ್ಟರಿನಿಂದ ವರದಿಗೆ ಹೋಯಿತು, ವರದಿಯಲ್ಲಿ ಅದು ಸತ್ಯವಾಯಿತು. 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲ ಎಂದು ಬಯಲಾಗುವವರೆಗೂ ಕಾಗದದ ಮೇಲೆ ಹುಲಿಗಳು ಓಡಾಡುತ್ತಲೇ ಇದ್ದವು.

ನನ್ನ ಕಸುಬಿನ ಭಯ ಅದಕ್ಕಿಂತ ಹತ್ತಿರದ್ದು. ಊರಿಗೆ ಚಿರತೆ ನುಗ್ಗಿದಾಗ ಕೋವಿಯಲ್ಲಿ ಅರಿವಳಿಕೆ ಸೂಜಿ ತುಂಬಿಕೊಂಡು ನಿಲ್ಲುವವನು ಪಶುವೈದ್ಯ. ಮದ್ದಿನ ಪ್ರಮಾಣ ನಿರ್ಧಾರವಾಗುವುದು ಕೆ.ಜಿ. ಲೆಕ್ಕದಲ್ಲಿ. ಕಡಿಮೆ ಬಿದ್ದರೆ ಪ್ರಾಣಿ ಅರೆಮಂಪರಿನಲ್ಲಿ ಎದುರಿಗೆ ಸಿಕ್ಕವರ ಮೇಲೆ ಎರಗುತ್ತದೆ, ಹೆಚ್ಚಾದರೆ ಉಸಿರು ನಿಲ್ಲುತ್ತದೆ. ಸಾಮಾನ್ಯವಾಗಿ ಬಳಸುವ ಎರಡು ಮದ್ದುಗಳಲ್ಲಿ ಕ್ಸೈಲಜೀನ್‌ಗೆ ಪ್ರತಿಮದ್ದು ಇದೆ, ಕೆಟಮಿನ್‌ಗೆ ಇಲ್ಲ. ಒಮ್ಮೆ ಒಳಗೆ ಹೋದದ್ದನ್ನು ಮೈ ತಾನಾಗಿ ಕರಗಿಸುವವರೆಗೆ ಕಾಯಬೇಕು. 2016ರ ಫೆಬ್ರುವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿ, ವನ್ಯಜೀವಿ ವಿಜ್ಞಾನಿ ಸಂಜಯ ಗುಬ್ಬಿಯವರ ಮೇಲೆರಗಿದ ದೃಶ್ಯವನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿದ್ದೀರಿ. ಅಂಥ ಗದ್ದಲದ ನಡುವೆ ನಿಂತ ವೈದ್ಯನ ಕಣ್ಣಂದಾಜೇ ಸಾಕಷ್ಟು ಕಷ್ಟದ್ದು. ಅವನ ಹಿಂದೆ ನಿಂತು ಹತ್ತು ಜನ ಮೊಬೈಲು ತೋರಿಸಿ "ಸರ್, ಇದು 90 ಕೆ.ಜಿ. ಐತಿ, ಡೋಸ್ ಜಾಸ್ತಿ ಹಾಕ್ರಿ" ಎಂದು ಕೂಗುವ ದಿನ ಬಂದರೆ, ಆ 90 ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ನಿಮ್ಮ ಅಡಿಬರಹಕ್ಕೇ ಬಂದು ತಲುಪೀತು.

ಹೆದರಿಕೆಯ ಮಾತೂ ಇದೆ. ಚನ್ನಗಿರಿಯ ಅಡಿಕೆ ತೋಟಕ್ಕೆ ರಾತ್ರಿ ನೀರು ಬಿಡಲು ಹೋಗುವ ರೈತನಿಗೆ 50 ಕೆ.ಜಿ.ಯ ಚಿರತೆಯೂ ಅಪಾಯವೇ. ಅದನ್ನು 90 ಮಾಡಿ ತೋರಿಸಿದರೆ ಅವನ ಎಚ್ಚರ ಹೆಚ್ಚುವುದಿಲ್ಲ, ಸಿಟ್ಟು ಹೆಚ್ಚುತ್ತದೆ. ಬೋನು ಇಡಿ ಎನ್ನುವ ಬಾಯಿ ಕೊಂದುಬಿಡಿ ಎನ್ನತೊಡಗುತ್ತದೆ. ಕಂಪ್ಯೂಟರಿನಲ್ಲೇ ಹುಟ್ಟಿದ, ಎಲ್ಲೂ ಇಲ್ಲದ ಚಿರತೆಗಳ ಚಿತ್ರಗಳೂ ಈಗ ಊರೂರು ಸುತ್ತುತ್ತಿವೆ. ನಿಜವಾದ ಚಿತ್ರ ತೆಗೆಯುವ ನೀವು ಅವುಗಳಿಂದ ಬೇರೆಯಾಗಿ ಕಾಣಬೇಕಾದರೆ ನಿಮ್ಮ ಮಾತೂ ನಿಜವಾಗಿರಬೇಕು.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ಚಿತ್ರದ ಕೆಳಗೆ ನಿಮಗೆ ಖಂಡಿತ ಗೊತ್ತಿರುವುದನ್ನು ಬರೆಯಿರಿ: ಯಾವ ಕಾಡು, ಯಾವ ದಿನ, ಎಷ್ಟು ಹೊತ್ತು, ಯಾವ ಲೆನ್ಸು, ಗಂಡೋ ಹೆಣ್ಣೋ, ಹೊಟ್ಟೆ ತುಂಬಿತ್ತೋ ಒಳಕ್ಕೆ ಹೋಗಿತ್ತೋ, ಕಾಲಲ್ಲಿ ಕುಂಟು ಇತ್ತೋ. ಎಡ ಮಗ್ಗುಲಿನದೂ ಬಲ ಮಗ್ಗುಲಿನದೂ ಚಿತ್ರ ಸಿಕ್ಕರೆ ಎರಡನ್ನೂ ಕತ್ತರಿಸದೆ ಇಟ್ಟುಕೊಳ್ಳಿ, ಗುರುತು ಹಿಡಿಯುವವರಿಗೆ ಅದರಿಂದ ಉಪಕಾರವಾಗುತ್ತದೆ. ದೊಡ್ಡದಿತ್ತು ಎನ್ನಿಸಿದರೆ "ದೊಡ್ಡದಿತ್ತು" ಎಂದೇ ಬರೆಯಿರಿ, ಯಾರೂ ಜಗಳಕ್ಕೆ ಬರುವುದಿಲ್ಲ. ಇಲ್ಲಿಯವರೆಗೆ ಹಾಕಿದ ಚಿತ್ರಗಳ ಅಡಿಯಿಂದ ಆ ಕೆ.ಜಿ. ಅಂಕಿಗಳನ್ನು ಈ ಭಾನುವಾರವೇ ಕೂತು ಅಳಿಸಿಬಿಡಿ.

ಇಂತಿ ನಿಮ್ಮ ಬಡಾವಣೆಯವನೇ ಆದ,
ಒಬ್ಬ ನಿವೃತ್ತ ಪಶುವೈದ್ಯ